ಮೆಣಸಿನಕಾಯಿ ಮಂಡಿಯ ಬೂದು ಕಿಟಕಿ

"ಆ ನಿಶ್ಚಿತಾಳದು ಒಂದೇ ಒಂದು ಬಟನ್ ನಮ್ಮ ಸಾಫ್ಟ್‌ವೇರ್‌ನಲ್ಲಿ ಉಳಿದಿದ್ರೆ ತೋರಿಸಿ ಯಜಮಾನ್ರೇ, ಮೀಸೆ ಬೋಳಿಸ್ಕೋತೀನಿ!"

ವಿಜಯ್‌ಕುಮಾರ್ ಹೀಗೆ ಗುಡುಗಿದ್ದು ಮಂಡಿ ಮೊಹಲ್ಲಾದಲ್ಲಿ, ಚಿಕ್ಕಬಸವಯ್ಯನವರ ಒಣಮೆಣಸಿನಕಾಯಿ ಮಂಡಿಯಲ್ಲಿ, ನೆರೆದ ವ್ಯಾಪಾರಿಗಳ ಎದುರಿಗೆ. ಮೀಸೆಯೂ ಸಾಮಾನ್ಯದ್ದಲ್ಲ. ಅದರ ಒಂದು ತುದಿ ಗೋಕುಲಂನಲ್ಲಿರುವ ಅವನ ಆಫೀಸಿನ ಬಾಗಿಲು ದಾಟಿದಾಗ ಇನ್ನೊಂದು ತುದಿ ಪಕ್ಕದ ಬಡಾವಣೆ ಒಂಟಿಕೊಪ್ಪಲಿನಲ್ಲೇ ಇರುತ್ತಿತ್ತು.

ನಿಶ್ಚಿತಾ ಕೃಷ್ಣಮೂರ್ತಿಪುರಂನ ನೀಲಮ್ಮನವರ ಮಗಳು. ಮಂಡಿಗಳಲ್ಲಿ ಬಿಲ್ ಹಾಕುವ ಸಾಫ್ಟ್‌ವೇರನ್ನು ಅವನ ಕಂಪನಿಗೆ ಬುಡದಿಂದ ಕಟ್ಟಿಕೊಟ್ಟವಳು. ಕಂಪ್ಯೂಟರ್ ಪರದೆಯ ಕಿಟಕಿ, ಬಟನ್, ಚೌಕಗಳನ್ನು ಕಟ್ಟಲು ಸಿದ್ಧ ಸಾಮಾನಿನ ಪೆಟ್ಟಿಗೆಗಳಿರುತ್ತವೆ, ಟೂಲ್‌ಕಿಟ್ ಎನ್ನುತ್ತಾರೆ. ಅವಳದು ಹಳೆಯ ಪೆಟ್ಟಿಗೆ. ಬೂದು ಬಣ್ಣ, ದಪ್ಪ ಅಕ್ಷರ, ಎಲ್ಲ ಕೆಲಸವೂ ಕೀಬೋರ್ಡಿನಲ್ಲೇ. ವಿಜಯ್‌ಕುಮಾರ್ ಹೊಸ ಪೆಟ್ಟಿಗೆ ತರಿಸಿದ. ನವಿಲಿನ ಬಣ್ಣ, ಮೌಸ್ ಹತ್ತಿರ ಬಂದರೆ ಮದುವಣಗಿತ್ತಿಯಂತೆ ನಾಚುವ ಬಟನ್‌ಗಳು. ಜೊತೆಗೇ ನಿಶ್ಚಿತಾಳನ್ನು ಕೆಲಸದಿಂದ ತೆಗೆದ. ಅಷ್ಟಕ್ಕೇ ಬಿಟ್ಟಿದ್ದರೆ ಅವಳು ನುಂಗಿಕೊಳ್ಳುತ್ತಿದ್ದಳೋ ಏನೋ. ಮೀಸೆಯ ಪಂಥ ಕಟ್ಟಿದ ಆ ದಿನ, ಅವಳ ಗಿರಾಕಿಗಳ ಮುಂದೆ, ಅವಳು ಅಲ್ಲೇ ನಿಂತಿರುವಾಗ ಅವಳ ಕೆಲಸವನ್ನು ಗುಜರಿ ಎಂದನಲ್ಲ! ಆವತ್ತು ಅವಳ ಹೊಟ್ಟೆಯಲ್ಲೆದ್ದ ಉರಿಯಲ್ಲಿ ಇಡೀ ಮೊಹಲ್ಲಾಕ್ಕೆ ಸ್ನಾನದ ನೀರು ಕಾಯಿಸಬಹುದಿತ್ತು.

"ಹೋಗ್ಲಿ ಬುಡು ಮಗಾ, ದೇವರು ನೋಡ್ಕೋತಾನೆ," ಎಂದರು ನೀಲಮ್ಮ.

"ದೇವರಿಗೆ ಬೇರೆ ಕೆಲ್ಸ ಇರುತ್ತೆ ಕಣಮ್ಮ, ಇದನ್ನ ನಾನೇ ನೋಡ್ಕೋತೀನಿ. ಅದೇ ಮಂಡೀಲಿ, ಅದೇ ಜನದ ಮುಂದೆ, ಆ ಮಾತನ್ನ ಅವನ ಬಾಯಿಂದ್ಲೇ ವಾಪಸ್ ತೆಗೆಸ್ತೀನಿ."

ತೆಗೆಸಲು ಅವಳು ಮಾಡಿದ್ದೇನು? ಏನೂ ಇಲ್ಲ. ಸುಮ್ಮನೆ ಕಾದಳು. ಮಂಡಿಯಲ್ಲಿ ಬಿಲ್ ಹಾಕುವ ಮಂಜುಳಮ್ಮನ ಕೈ ಅವಳಿಗೆ ಗೊತ್ತಿತ್ತು. ಆಯಮ್ಮನ ಬಲಗೈ ಸದಾ ಚೀಲದೊಳಗೆ: ಕಾಯಿ ಮುರಿದು ನೋಡಬೇಕು, ಬೀಜ ಉಜ್ಜಿ ನೋಡಬೇಕು. ಕೀಬೋರ್ಡಿಗೆ ಎಡಗೈ ಮಾತ್ರ. ಇಂಥವಳ ಬಲಗೈಗೆ ವಿಜಯ್‌ಕುಮಾರ್ ಮೌಸ್ ಕೊಟ್ಟಿದ್ದ.

ವಾರದೊಳಗೆ ಮೌಸ್ ಕುಂಕುಮದ ಭರಣಿಯಾಯಿತು. ಮುಟ್ಟಿದವರೆಲ್ಲ ಕಣ್ಣುಜ್ಜಿದರು, ಕಣ್ಣುಜ್ಜಿದವರೆಲ್ಲ ಅತ್ತರು. ದಾರಿಯಲ್ಲಿ ಹೋಗುವವರು ಒಳಗೆ ಯಾರೋ ಸತ್ತಿದ್ದಾರೆಂದು ಚಪ್ಪಲಿ ಬಿಟ್ಟು ಬಂದು ತಾವೂ ಅತ್ತು ಹೋದರು. ಕೊನೆಗೆ ವಿಜಯ್‌ಕುಮಾರನೇ ಬಂದ, ಮೌಸ್ ಹಿಡಿದು, "ಇದ್ರಲ್ಲಿ ಏನ್ ಕಷ್ಟ?" ಎಂದು ಅದೇ ಕೈಯಲ್ಲಿ ಮೀಸೆ ತಿರುವಿದ. ಅವನು ಸೀನಿದ ರಭಸಕ್ಕೆ ಊರಿನ ಬೆಟ್ಟದ ಮೇಲಿನ ಕಲ್ಲು ನಂದಿ ಒಂದು ಗೇಣು ಹಿಂದಕ್ಕೆ ಸರಿಯಿತು. ನಂಬದವರು ಹೋಗಿ ಅಳೆದುಕೊಳ್ಳಬಹುದು.

"ನಿಮ್ಮ ನವಿಲು ಇರ್ಲಿ ಕಣ್ರೀ, ನೋಡಕ್ಕೆ ಚೆಂದಾಗದೆ," ಎಂದರು ಚಿಕ್ಕಬಸವಯ್ಯ. "ಬಿಲ್ಲಿಗೆ ಮಾತ್ರ ನಿಶ್ಚಿತಮ್ಮನ ಬೂದು ಕಿಟಕೀನೇ ಬೇಕು. ಎರಡೂ ಒಂದ್ರಲ್ಲೇ ಕೂರಿಸ್ಕೊಡಿ. ಆಗಲ್ಲ ಅಂದ್ರೆ ನಿಮ್ ನವಿಲ್ನ ಎತ್ಕೊಂಡ್ ಹೋಗಿ."

ಮಿಕ್ಕ ಮಂಡಿಗಳವರೂ ಅದನ್ನೇ ಅಂದರು. ಆದರೆ ಒಂದೇ ಸಾಫ್ಟ್‌ವೇರಿನೊಳಗೆ ಎರಡು ಟೂಲ್‌ಕಿಟ್ ಸೇರಿಸುವುದೆಂದರೆ ಜಟಕಾದ ಎರಡೂ ತುದಿಗೆ ಕುದುರೆ ಕಟ್ಟಿದಂತೆ. ಕೀಬೋರ್ಡಿನ ಯಾವ ಕೀಲಿ ಒತ್ತಿದರೂ ಅದು ತನ್ನದೇ ಎಂದು ಎರಡೂ ಹಟ ಹಿಡಿದು ಕೂರುತ್ತವೆ. ವಿಜಯ್‌ಕುಮಾರನ ಹೊಸ ಪಡೆ ಹೇಗೆ ಕಟ್ಟಿದರೂ ಎಂಟರ್ ಒತ್ತಿದೊಡನೆ ಪರದೆ ಕಲ್ಲಾಗುತ್ತಿತ್ತು.

ಕಡೆಗೆ ಮೀಸೆ ಕೃಷ್ಣಮೂರ್ತಿಪುರಂಗೆ ಬಂತು. ಹಿಂದಿನಿಂದ ವಿಜಯ್‌ಕುಮಾರನೂ ಬಂದ.

"ಎಷ್ಟು ಬೇಕು ಹೇಳಿ ನಿಶ್ಚಿತಾ ಅವ್ರೇ."

"ದುಡ್ಡಿನ ಮಾತು ಆಮೇಲೆ ಸರ್. ಮೊದ್ಲು ಮೀಸೆ."

ಮೀಸೆಗೆ ಅವನು ಒಪ್ಪಿದ ಮೇಲೆ ಅವಳು ಎರಡೂ ಕುದುರೆಗಳ ಲಗಾಮನ್ನು ಒಂದೇ ಕೈಗೆ ಕೊಟ್ಟಳು. ಗಾಡಿ ಓಡಿಸುವುದು ಹೊಸ ಪೆಟ್ಟಿಗೆಯೇ; ಆದರೆ ಮಂಜುಳಮ್ಮ ಬೂದು ಕಿಟಕಿಯಲ್ಲಿ ಇರುವಷ್ಟು ಹೊತ್ತು ಒತ್ತಿದ ಪ್ರತಿಯೊಂದು ಕೀಲಿಯನ್ನೂ ಅದು ತೆಪ್ಪಗೆ ಹಳೆಯದಕ್ಕೆ ದಾಟಿಸಬೇಕು. ಪರದೆ ಮತ್ತೆ ಕಲ್ಲಾಗಲಿಲ್ಲ.

ಅದನ್ನು ಮಂಡಿಗೆ ಹಾಕುವ ದಿನ ಚಿಕ್ಕಬಸವಯ್ಯನವರು ಕ್ಷೌರಿಕನನ್ನೂ ಕರೆಸಿದ್ದರು. ಮೀಸೆ ಇಳಿದ ಮುಖ ಸುಲಿದ ಬೆಳ್ಳುಳ್ಳಿಯಂತೆ ಕಂಡಿತು. "ಬಟನ್ ಅವರದೇ. ಗುಜರಿ ಅಂದಿದ್ದು ನನ್ನ ತಪ್ಪು," ಎಂದ ವಿಜಯ್‌ಕುಮಾರ್, ಅದೇ ಜನರ ಮುಂದೆ. ನಿಶ್ಚಿತಾ, "ಹಿಂದೆ ಇರೋರಿಗೆ ಕೇಳಿಸ್ಲಿಲ್ಲ ಸರ್," ಎಂದು ಇನ್ನೊಮ್ಮೆ ಹೇಳಿಸಿದಳು.

ಪರದೆಯಲ್ಲಿ ನವಿಲು ಬಣ್ಣದ ನಟ್ಟನಡುವೆ ಬೂದು ಕಿಟಕಿ, ರೇಷ್ಮೆ ಸೀರೆಗೆ ಗೋಣಿಯ ತೇಪೆ ಹಾಕಿದಂತೆ ಕೂತಿತ್ತು. ವಿಜಯ್‌ಕುಮಾರ್ ಹತ್ತಿರ ಬಂದು ಪಿಸುಗುಟ್ಟಿದ: "ಮೀಸೆ ಕೊಟ್ಟೆ, ಮಾತೂ ವಾಪಸ್ ತಗೊಂಡೆ. ಇನ್ನಾದ್ರೂ ಅದಕ್ಕೆ ನಮ್ಮ ಬಣ್ಣ ಬಳಿದ್ಬುಡಿ ನಿಶ್ಚಿತಾ ಅವ್ರೇ. ಇಲ್ದಿದ್ರೆ ಯಾವ್ದು ಯಾರದು ಅಂತ ನೋಡಿದೋರಿಗೆಲ್ಲ ಗೊತ್ತಾಗುತ್ತೆ. ಎರಡೂ ಒಬ್ರೇ ಮಾಡಿದ್ದು ಅನ್ಕೋಬೇಕು ಜನ."

"ನವಿಲೂ ನಂದೇ ಅನ್ಕೊಂಡುಬುಟ್ರೆ ಅನ್ನೋದೇ ಸರ್ ನನ್ ಭಯ," ಎಂದಳು ನಿಶ್ಚಿತಾ.