ಗವಿಯ ಬಾಗಿಲು

ಬೀಳಗಿಯ ನಮ್ಮ ಓಣಿಯಲ್ಲಿದ್ದ ವೆಲ್ಡಿಂಗ್ ಅಂಗಡಿಯವರು ಟೇಪು ಹಿಡಿಯುವ ಮೊದಲು ಒಂದು ಮಾತು ಕೇಳುತ್ತಿದ್ದರು: "ಬಾಗಲಾ ಯಾರಿಗ್ರಿ?" ಮುದುಕರು ಓಡಾಡುವುದಾದರೆ ಕೆಳಗಿನ ಪಟ್ಟಿ ತಗ್ಗಿಸುತ್ತಿದ್ದರು, ಎಮ್ಮೆಗಾದರೆ ಅಗಲ ಬಿಡುತ್ತಿದ್ದರು.

ಗುಡ್ಡದ ಗವಿಯಲ್ಲಿ ಅಪರೂಪದ ಬಾವಲಿಗಳು ಅಷ್ಟಿಷ್ಟು ಉಳಿದಿದ್ದವು. ಜನ ಒಳಹೊಕ್ಕು ಹೊಗೆ ಹಾಕಿ ಅವನ್ನು ಓಡಿಸುತ್ತಿದ್ದುದರಿಂದ ಊರವರು ಸೇರಿ ಗವಿಗೆ ಗೇಟು ಮಾಡಿಸಿದೆವು. ಅವಸರದಲ್ಲಿ ಆ ಸಲ ಅಂಗಡಿಯವರು ಏನೂ ಕೇಳಲಿಲ್ಲ. ಮನೆ ಕಿಟಕಿಯಂತೆ ಸರಳುಗಳನ್ನು ನೆಟ್ಟಗೆ, ಒತ್ತೊತ್ತಾಗಿ ಬೆಸೆದರು.

ಸಂಜೆ ಬಾವಲಿಗಳು ಸರಳಿನ ತನಕ ಬಂದು ಬಂದು ಒಳಗೇ ತಿರುಗಿದವು. ಅವರು ಬೀಗ ತೆಗೆದು ಗೇಟನ್ನು ಪೂರ್ತಿ ತೆರೆದಿಟ್ಟರು.

"ಮಂದಿನ್ನ ತಡಿಯೂದಷ್ಟ ನೋಡಿದ್ನಿ. ಬಾಗಲಾ ಯಾರಿಗಿ ಅಂತ ಕೇಳಲೇ ಇಲ್ಲ" ಅಂದರು.

ಮರುದಿನ ಬಾವಲಿಗಳ ಬಗ್ಗೆ ಬಲ್ಲವರನ್ನು ವಿಚಾರಿಸಿ, ತಾವೇ ಬೆಸೆದ ಸರಳುಗಳನ್ನೆಲ್ಲ ಕೊಯ್ದು ಹಾಕಿದರು. ಹೊಸವನ್ನು ಅಡ್ಡಡ್ಡಲಾಗಿ, ಮುಕ್ಕಾಲು ಗೇಣಿಗಿಂತ ತುಸು ಕಡಿಮೆ ಸಂದು ಬಿಟ್ಟು ಕೂಡಿಸಿದರು. ಸಂಜೆ ಪಕ್ಕಕ್ಕೆ ಸರಿದು, ಚೌಕಟ್ಟಿಗೆ ಅಂಗೈ ಆನಿಸಿ ನಿಂತರು. ಬಾವಲಿಗಳು ಸಾಲುಗಟ್ಟಿ ಹೊರಗೆ ಹಾರಿದವು. ಕೊನೆಯದು ಹೋಗುವ ತನಕ ಅವರು ಕೈ ತೆಗೆಯಲಿಲ್ಲ.

"ಒಂದಕ್ಕೂ ಸರಳು ತಾಗಲಿಲ್ರಿ" ಅಂದರು.