ಬೆಲೆಯವ್ವ ಅಪರಿಚಿತಳಾದ ದಿನ

ಕಸಾಮ ಪೇಟೆಯಲ್ಲಿ ಮಕ್ಕಳೊಂದಿಗರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಹಿರಿಯ ಮಗುವಿನ ಹೆಸರೇ ತಾಯಿಗೂ ಹೆಸರು. ಟೊಮೇಟೊ ಮಾರುವವಳು ಚಿಶನವ್ವ, ಪಕ್ಕದಲ್ಲಿ ಒಣಮೀನು ಮಾರುವವಳು ಕಸೋಂಡೆಯವ್ವ. ಫೆಲಿಸ್ತಾಳಿಗೆ ಮಕ್ಕಳಿರಲಿಲ್ಲ. ತಿಂಗಳಿಗೊಮ್ಮೆ ತಕ್ಕಡಿ ಹಿಡಿದು ಬಂದು ಬೆಲೆ ಬರೆದುಕೊಂಡು ಹೋಗುವ ಹೆಂಗಸನ್ನು ಏನೆಂದು ಕರೆಯುವುದು? ಚಿಶನವ್ವನೇ ಒಂದು ದಿನ 'ಬೆಲೆಯವ್ವ' ಎಂದಳು. ಪೇಟೆಗೆಲ್ಲ ಅದೇ ರೂಢಿಯಾಯಿತು. ಅಂದು ಮನೆಗೆ ಹೋಗುವಾಗ ಫೆಲಿಸ್ತಾ ದಾರಿಯುದ್ದಕ್ಕೂ ಆ ಹೆಸರನ್ನು ಮೆಲ್ಲಗೆ ಹೇಳಿಕೊಳ್ಳುತ್ತ ನಡೆದಳು.

ಊರಿನ ಮನೆಗಳು ಕೊಳ್ಳುವ ಮೆಕ್ಕೆಜೋಳದ ಹಿಟ್ಟು, ಇದ್ದಿಲು, ಮೀನು, ಸೋಪು, ಬಸ್ ಟಿಕೆಟ್ಟು ಎಲ್ಲ ಸೇರಿ ಒಂದು ಬುಟ್ಟಿಯಾದರೆ, ಸರ್ಕಾರಿ ಕಚೇರಿಯ ಪರವಾಗಿ ಆ ಬುಟ್ಟಿಯ ಬೆಲೆ ಕೇಳುವುದು ಅವಳ ಕೆಲಸ. ಪ್ರತಿ ತಿಂಗಳೂ ಅದೇ ಅಂಗಡಿ, ಅದೇ ಸಾಮಾನು. ಇಲ್ಲದಿದ್ದರೆ ಹೋದ ತಿಂಗಳಿಗೂ ಈ ತಿಂಗಳಿಗೂ ಹೋಲಿಸುವುದು ಹೇಗೆ? ಮನೆಯವರು ಹೆಚ್ಚು ಖರ್ಚು ಮಾಡುವುದು ಹಿಟ್ಟಿಗೆ, ಆದ್ದರಿಂದ ಲೆಕ್ಕದಲ್ಲಿ ಹಿಟ್ಟಿನ ಮಾತಿಗೆ ಬಲ ಹೆಚ್ಚು, ಬೆಂಕಿಪೊಟ್ಟಣದ ಮಾತಿಗೆ ಕಡಿಮೆ. ಹೀಗೆ ಎಲ್ಲ ಊರುಗಳ ಬುಟ್ಟಿಗಳೂ ರಾಜಧಾನಿ ಲುಸಾಕ ಸೇರಿ, ಬದುಕು ಎಷ್ಟು ತುಟ್ಟಿಯಾಯಿತು ಎಂಬ ಒಂದೇ ಅಂಕಿಯಾಗಿ ರೇಡಿಯೊದಲ್ಲಿ ಬರುತ್ತಿದ್ದವು. ಟೊಮೇಟೊದ್ದು ಮಾತ್ರ ತೊಡಕು. ಗುಡ್ಡೆಗೆ ಹತ್ತು ಕ್ವಾಚ ಎಂಬ ಬೆಲೆ ಅಲ್ಲಾಡುತ್ತಿರಲಿಲ್ಲ. ತುಟ್ಟಿಯಾದಾಗ ಗುಡ್ಡೆಯೇ ಕುಗ್ಗುತ್ತಿತ್ತು. ಅದಕ್ಕೇ ಫೆಲಿಸ್ತಾ ಗುಡ್ಡೆಯನ್ನು ಕೊಂಡು ತೂಗಿ, ಕಿಲೋಗೆ ಎಷ್ಟು ಬಿತ್ತೆಂದು ಬರೆದುಕೊಳ್ಳುತ್ತಿದ್ದಳು.

ಆ ಮಳೆಗಾಲದಲ್ಲಿ ಮೇಲಧಿಕಾರಿ ಸಿಕಾಜ್ವೆ ಅವಳನ್ನು ಕರೆಸಿದ. ಎಲ್ಲ ಊರಲ್ಲೂ ಟೊಮೇಟೊ ಏರುತ್ತಿರುವಾಗ ಕಸಾಮದಲ್ಲಿ ಮಾತ್ರ ತಿಂಗಳು ತಿಂಗಳೂ ಇಳಿಯುತ್ತಿರುವುದು ಏಕೆಂದು ಕೇಳಿದ. ಕಾರಣ ತಿಳಿಯದಿದ್ದರೆ ಆ ಅಂಗಡಿಯನ್ನು ಬಿಟ್ಟು ಬೇರೆಯದನ್ನು ಹಿಡಿಯಬೇಕಾಗುತ್ತದೆ ಎಂದ. ಫೆಲಿಸ್ತಾಳಿಗೆ ಚಿಶನವ್ವನ ಪಕ್ಕದ ಮರದ ಪೆಟ್ಟಿಗೆ ಕಣ್ಣ ಮುಂದೆ ಬಂತು. ತೂಕ ಮುಗಿದ ಮೇಲೆ ತಾನು ಕೂತು ಹುರಿದ ಕಡಲೆಕಾಯಿ ತಿನ್ನುತ್ತಿದ್ದ ಜಾಗ ಅದು. ಪೇಟೆಯಲ್ಲಿ ತನ್ನದು ಎನ್ನಬಹುದಾದ ಜಾಗ ಅದೊಂದೇ.

ಮರುದಿನ ಅವಳು ನೇರವಾಗಿ ಹೋಗದೆ ಮರಗೆಣಸಿನ ಮೂಟೆಗಳ ಹಿಂದೆ ನಿಂತು ನೋಡಿದಳು. ಚಿಶನವ್ವ ಒಬ್ಬಳಿಗೆ ಗುಡ್ಡೆ ಸುರಿದಳು, ಮೇಲೊಂದು ಹಣ್ಣು ಕೊಸರು ಹಾಕಿದಳು. ಮುಂದಿನವಳಿಗೂ ಒಂದೇ. ಆಮೇಲೆ ಫೆಲಿಸ್ತಾ ಹೋಗಿ ನಿಂತಾಗ ಗುಡ್ಡೆಯ ಮೇಲೆ ಗೋಣಿಯ ಅಡಿಯಿಂದ ಎರಡು ಬೊಗಸೆ ದಪ್ಪ ಹಣ್ಣು ಬಿತ್ತು. ಇಷ್ಟು ಕಾಲವೂ ಅವಳ ಕಣ್ಣು ತಕ್ಕಡಿಯ ಮುಳ್ಳಿನ ಮೇಲಿತ್ತೇ ಹೊರತು ಬೇರೆಯವರ ಚೀಲದ ಮೇಲೆ ಹೋಗಿರಲಿಲ್ಲ.

ಅವಳು ಹೆಚ್ಚಿನ ಹಣ್ಣುಗಳನ್ನು ಒಂದೊಂದಾಗಿ ಹಿಂದಕ್ಕಿಟ್ಟಳು. ಕೊಸರು ಹಿಂದಿರುಗಿಸುವುದೆಂದರೆ ಬಡಿಸಿದ ತಟ್ಟೆ ತಳ್ಳಿದಂತೆ. ಚಿಶನವ್ವನ ಮುಖ ಬಿಗಿಯಿತು.

"ಯಾಕೆ, ಇವತ್ತು ನನ್ನ ಹಣ್ಣು ಕೊಳೆತು ಹೋಯ್ತಾ?"

"ಕೊಳೆತಿಲ್ಲ ಕಣವ್ವ. ನೀನು ಪ್ರೀತಿಯಿಂದ ನಂಗೆ ಕೊಟ್ಟಿದ್ದು, ಊರಿಗೆಲ್ಲ ಸಿಕ್ತು ಅಂತ ಲೆಕ್ಕಕ್ಕೆ ಹೋಗಿದೆ."

ಚಿಶನವ್ವ ಹಿಂದಕ್ಕೆ ಬಂದ ಹಣ್ಣನ್ನು ಗೋಣಿಯ ಅಡಿಗೆ ಸೇರಿಸಿದಳು. "ನೀನು ಹಂಗೆ ಬಗ್ಗಿ ಬಗ್ಗಿ ತೂಕ ನೋಡ್ತಿದ್ದೆ. ಕಮ್ಮಿ ಬಂದ್ರೆ ಕಚೇರೀಲಿ ನಿನ್ನ ಬೈತಾರೇನೋ ಅಂದ್ಕೊಂಡೆ. ಅದಕ್ಕೇ ಪ್ರತಿ ಸಲ ಹೋದ ಸಲಕ್ಕಿಂತ ಒಂದೆರಡು ಜಾಸ್ತಿ ಹಾಕ್ತಾ ಬಂದೆ."

"ಸರ್ಕಾರಕ್ಕೇ ಕೊಸರು ಹಾಕಿದೋಳು ನೀನೊಬ್ಬಳೇ ಕಣೆ," ಎಂದಳು ಮೀನಿನ ಕಸೋಂಡೆಯವ್ವ.

ತನ್ನನ್ನು ಗುರುತಿಲ್ಲದವಳಂತೆ ಕಂಡರೆ ಮಾತ್ರ ಈ ಅಂಗಡಿ ಲೆಕ್ಕದಲ್ಲಿ ಉಳಿಯುತ್ತದೆ ಎಂದು ಫೆಲಿಸ್ತಾ ಬಿಡಿಸಿ ಹೇಳಿದಳು. ಚಿಶನವ್ವ ಸೊಂಟದ ಬಟ್ಟೆ ಬಿಗಿದು ಕಟ್ಟಿಕೊಂಡಳು, ಗಂಟಲು ಸರಿಮಾಡಿಕೊಂಡಳು.

"ಬನ್ನಿ ತಾಯಿ. ಯಾವೂರೋ ಏನೋ, ಮುಖ ನೋಡಿದ್ರೆ ಚೌಕಾಸಿಯವರ ಥರ ಕಾಣ್ತೀರಿ. ಗುಡ್ಡೆ ಹತ್ತು. ಬೇಕಾದ್ರೆ ತಗೊಳ್ಳಿ, ಇಲ್ಲಾಂದ್ರೆ ಜಾಗ ಬಿಡಿ."

ಹೊಸ ಗುಡ್ಡೆ, ಮೇಲೊಂದು ಸಣ್ಣ ಹಣ್ಣು. ಫೆಲಿಸ್ತಾ ನಗು ತಡೆದುಕೊಂಡು ತೂಗಿದಳು. ತೂಕ ಹೋದ ತಿಂಗಳದರ ಅರ್ಧಕ್ಕಿಂತ ಸ್ವಲ್ಪ ಮೇಲಿತ್ತು, ಅಷ್ಟೆ. ಬರೆದುಕೊಂಡು ಅಲ್ಲಿಂದಲೇ ಸಿಕಾಜ್ವೆಗೆ ಫೋನ್ ಮಾಡಿ, ತಪ್ಪು ತನ್ನದೇ ಎಂದು ಎಲ್ಲವನ್ನೂ ಹೇಳಿದಳು. ರೇಡಿಯೊದಲ್ಲಿ ಹೋದ ಅಂಕಿಯನ್ನು ಹಿಂದಕ್ಕೆ ತರಲಾಗುವುದಿಲ್ಲ ಎಂದು ಅವನು ಬೇಸರಪಟ್ಟ. ಇನ್ನು ಮುಂದೆ ಎಲ್ಲರಿಗೂ ಸಿಗುವಷ್ಟೇ ತೂಗು, ಅಂಗಡಿ ಅದೇ ಇರಲಿ ಎಂದ.

ಫೋನ್ ಇಡುವವರೆಗೂ ಚಿಶನವ್ವ ಅವಳ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು:

"ತಕ್ಕಡಿ ಒಳಗೆ ಹೋಯ್ತಾ?"

ಫೆಲಿಸ್ತಾ ತಕ್ಕಡಿಯನ್ನು ಚೀಲಕ್ಕೆ ಹಾಕಿ ಗುಂಡಿ ಹಾಕಿದಳು. ಚಿಶನವ್ವ ಎರಡು ಬೊಗಸೆ ದಪ್ಪ ಹಣ್ಣನ್ನು ಅವಳ ಮಡಿಲಿಗೆ ಸುರಿದು, ಕಾಲಿನಿಂದ ಮರದ ಪೆಟ್ಟಿಗೆಯನ್ನು ಮುಂದಕ್ಕೆ ತಳ್ಳಿದಳು.

"ಕೂತ್ಕೋ ಬೆಲೆಯವ್ವ. ಕಡಲೆಕಾಯಿ ಆರಿ ಹೋಯ್ತು."