ಜಾವಳಕ್ಕೆ ಕೊಡದ ಕೈ

ನಾನು ಹುಟ್ಟಿದ್ದು ಆಳಂದದಲ್ಲಿ, ಹೊಟ್ಟೆ ಹೊರೆದದ್ದು ದೂರದ ಸಮುದ್ರ ದಂಡೆಯ ಒಂದು ಪ್ರಯೋಗಾಲಯದಲ್ಲಿ. ಅಣುವಿದ್ಯುತ್ತಿಗೆ ಬಳಸಿ ಮುಗಿದ ಇಂಧನವನ್ನು ಆಮ್ಲದಲ್ಲಿ ಕರಗಿಸಿ, ಬೇಕಾದ್ದನ್ನು ತೆಗೆದುಕೊಂಡ ಮೇಲೆ ಉಳಿಯುವ ಕೊಳೆನೀರಿನಲ್ಲಿ ಏನೇನಿದೆ ಎಂದು ಕಂಡುಹಿಡಿಯುವುದು ನನ್ನ ಕೆಲಸ. ಊರಲ್ಲಿ ಯಾರಾದರೂ ಕೇಳಿದರೆ ನೀರು ಪರೀಕ್ಷೆ ಮಾಡುತ್ತೇನೆ ಎಂದು ಹೇಳಿ ಪಾರಾಗುತ್ತಿದ್ದೆ.

ಆ ದ್ರಾವಣವನ್ನು ಗಾಜಿನ ಪುಟ್ಟ ಪಾತ್ರೆಯಲ್ಲಿಟ್ಟು ಬೆಳಕು ಹಾಯಿಸುತ್ತಿದ್ದೆವು. ಒಂದೊಂದು ವಸ್ತುವೂ ಬೆಳಕಿನಲ್ಲಿ ತನ್ನ ಪಾಲನ್ನಷ್ಟೇ ನುಂಗುತ್ತದೆ. ಆದರೆ ಯಂತ್ರ ಎಲ್ಲವನ್ನೂ ಕಲಸಿ ಕಾಗದದ ಮೇಲೆ ಒಂದೇ ಗೆರೆ ಎಳೆದು ಕೊಡುತ್ತದೆ. ತೊಟ್ಟಿಲ ಹಾಡನ್ನು ಹೆಂಗಸರೆಲ್ಲ ಕೂಡಿ ಹಾಡುವಾಗ ಅವ್ವನ ದನಿ ಯಾವುದು, ಅತ್ತೆಯದು ಯಾವುದು ಎಂದು ಹೊರಗೆ ನಿಂತು ಬಿಡಿಸಿದ ಹಾಗೆ ನಾವದನ್ನು ಲೆಕ್ಕ ಹಾಕಿ ಬಿಡಿಸಬೇಕು. ಗೊತ್ತಿದ್ದ ದನಿಗಳನ್ನೆಲ್ಲ ತೆಗೆದ ಮೇಲೂ ಏನೋ ಉಳಿದರೆ ಒಳಗೆ ಅಪರಿಚಿತರು ಇದ್ದಾರೆ ಎಂದರ್ಥ.

ಎಂಬತ್ತರ ದಶಕದ ಕೊನೆಯಲ್ಲಿ ಒಂದು ಮಾದರಿಯಲ್ಲಿ ಹಾಗೆ ಉಳಿಯಿತು, ಸಾಲಾಗಿ ಎದ್ದ ಸಣ್ಣ ಉಬ್ಬುಗಳು. ನಮ್ಮ ಹತ್ತಿರವಿದ್ದ ಯಾವ ವಸ್ತುವಿನ ಗೆರೆಗೂ ಅವು ಹೊಂದಲಿಲ್ಲ. ಅದೇ ಮಾದರಿಯನ್ನು ಎತ್ತುವಾಗ ನನ್ನ ಬಲಗೈ ಗವಸು ಹರಿದು ದ್ರಾವಣ ತೋರುಬೆರಳಿಗೆ ತಾಕಿತು. ತೊಳೆದರು, ಉಪಕರಣ ಹಿಡಿದು ನೋಡಿದರು, ವಿಕಿರಣವಿಲ್ಲ, ಕೈ ಸ್ವಚ್ಛ ಎಂದರು. ನನಗೆ ಸಮಾಧಾನವಾಗಲಿಲ್ಲ. ಹೆಸರೇ ಗೊತ್ತಿಲ್ಲದ್ದು ತೊಳೆದರೆ ಹೋಯಿತು ಎಂದು ಯಾವ ಧೈರ್ಯದ ಮೇಲೆ ನಂಬುವುದು? ಹುಡುಕಾಟವನ್ನು ಸಹೋದ್ಯೋಗಿಗೆ ಒಪ್ಪಿಸಿ ಊರಿಗೆ ಹೊರಟೆ. ಜೇವರ್ಗಿಯಲ್ಲಿ ತಂಗಿಯ ಮಗನ ಜಾವಳವಿತ್ತು.

ನಮ್ಮ ಕಡೆ ಕೂಸಿನ ಮೊದಲ ಕೂದಲನ್ನು ಸೋದರಮಾವ ತೊಡೆಯ ಮೇಲೆ ಕೂಡಿಸಿಕೊಂಡು ಕತ್ತರಿಸಬೇಕು. ತಂಗಿಗೆ ನಾನೊಬ್ಬನೇ ಅಣ್ಣ. ಆ ದಿನ ಬೆಳಿಗ್ಗೆ ಎದ್ದವನೇ ಬೆರಳಿಗೆ ಬಟ್ಟೆ ಸುತ್ತಿಕೊಂಡು, ಗಾಯವಾಗಿ ನಂಜು ಏರಿದೆ ಎಂದುಬಿಟ್ಟೆ. ನಿಜ ಹೇಳಿದರೆ ಬೀಗರ ಮನೆಯಲ್ಲಿ ತಂಗಿ ಮಾತು ಕೇಳಬೇಕಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

"ಎಡಗೈಲೇ ಕತ್ತರಿ ಹಿಡೀರಿ. ಶಾಸ್ತ್ರಕ್ಕ ಒಂದ್ ಎಳಿ ಸಾಕ್ರಿ," ಎಂದರು ಅವಳ ಅತ್ತೆ.

ಎಡಗೈಯಲ್ಲಿ ಕತ್ತರಿ ಹಿಡಿದರೆ ಬಲಗೈಯಲ್ಲಿ ಕೂಸನ್ನು ಹಿಡಿಯಬೇಕಿತ್ತು. ನಾನು ಅದಕ್ಕೂ ಒಲ್ಲೆ ಎಂದೆ. ಜಮಖಾನೆಯ ಮೇಲೆ ಕೂತಿದ್ದ ಮಂದಿ ಮುಖ ಮುಖ ನೋಡಿಕೊಂಡರು. ಓದಿದ್ದು ತಲೆಗೇರಿದೆ ಎಂದು ಯಾರೋ ನನಗೆ ಕೇಳುವಂತೆಯೇ ಅಂದರು. ಕಡೆಗೆ ನೆರೆಮನೆಯವನೊಬ್ಬನನ್ನು ಕರೆದು, ಇವತ್ತಿಗೆ ನೀನೇ ಅಣ್ಣ ಎಂದು ಕೂಡಿಸಿದರು. ತಂಗಿ ಮುಖಕ್ಕೆ ಸೆರಗು ಹಿಡಿದು ಅಡುಗೆಮನೆಗೆ ಹೋದಳು. ಆಳಂದಕ್ಕೆ ಮರಳುವ ಬಸ್ಸಿನಲ್ಲಿ ಅವ್ವ ನನ್ನ ಪಕ್ಕ ಬಿಟ್ಟು ಬೇರೆ ಸೀಟಿನಲ್ಲಿ ಹೋಗಿ ಕೂತಳು. ನಾಚಿಕೆಯಾಗಿತ್ತು ನಿಜ, ಆದರೆ ಕೂಸನ್ನು ಕಾಪಾಡಿದೆ ಎಂಬ ಜಂಬವೂ ಒಳಗೊಳಗೇ ಇತ್ತು. ಆ ಜಂಬ ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕೆಲಸಕ್ಕೆ ಮರಳುವಷ್ಟರಲ್ಲಿ ಉತ್ತರ ಸಿಕ್ಕಿತ್ತು. ನೈಟ್ರಿಕ್ ಆಮ್ಲವೇ ವಿಕಿರಣಕ್ಕೆ ಒಡೆದು ಆಗಿದ್ದ ನೈಟ್ರಸ್ ಆಮ್ಲ. ಲೆಕ್ಕದಲ್ಲಿ ಅದನ್ನು ಸೇರಿಸಲು ನಾವೇ ಮರೆತಿದ್ದೆವು. ಅಷ್ಟು ಚೂರು ಬೆರಳಿಗೆ ತಾಕಿ ತೊಳೆದುಹೋದದ್ದರಿಂದ ಯಾರಿಗೂ ಏನೂ ಆಗುವಂತಿರಲಿಲ್ಲ.

ಮುಂದಿನ ಸಲ ಜೇವರ್ಗಿಗೆ ಹೋದಾಗ ತಂಗಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಪಕ್ಕ ಕೂತು ಎಲ್ಲ ಹೇಳಿದೆ. ಕೂಸಿನ ಮೇಲಿನ ನನ್ನ ಕಾಳಜಿ ಕೇಳಿ ಅವಳ ಮನಸ್ಸು ಕರಗುತ್ತದೆ ಎಂದುಕೊಂಡಿದ್ದೆ. ಅವಳು ಮೊರ ಕೆಳಗಿಟ್ಟಳು.

"ಜಾವಳದ ಹಿಂದಿನ ದಿನಾ ಸಂಜೀಕ ನನ್ನ ಗಂಗಾಳದಾಗೇ ಕೈ ಹಾಕಿ ಉಂಡಿ, ಅಣ್ಣಾ. ಆಗ ಕೂಸು ನನ್ನ ಹಾಲ ಕುಡೀತಿತ್ತು. ನಿನಗ ನನ್ನ ನೆಪ್ಪ ಆಗಲಿಲ್ಲೇನು?"

ಆಗಿರಲಿಲ್ಲ. ಚಿಕ್ಕಂದಿನಿಂದ ಒಂದೇ ಗಂಗಾಳದಲ್ಲಿ ಉಂಡವರು ನಾವು. ಅವಳ ರೊಟ್ಟಿ ಮುರಿಯುವಾಗ ಆ ಬೆರಳಿನ ಯೋಚನೆಯೇ ನನಗೆ ಬಂದಿರಲಿಲ್ಲ. ಕೂಸಿಗಾಗಿ ಹೆದರಿದ್ದೆ, ತಂಗಿಗಾಗಿ ಹೆದರಿರಲಿಲ್ಲ. ಇಲ್ಲ ಎಂದೆ. ಅವಳು ಮತ್ತೆ ಮೊರ ಎತ್ತಿಕೊಂಡಳು.